ನಮ್ಮ ತಂಡವನ್ನು ಬೈಯುವವರು ಯಾರು?

ಫಿಲಡೆಲ್ಫಿಯಾದ ನಮ್ಮ ಬೀದಿಯಲ್ಲಿರುವ ನಿವೃತ್ತ ಬಸ್ ಚಾಲಕರೊಬ್ಬರು ಮೊನ್ನೆ ಮನೆಯ ಮುಂದಿನ ಹಿಮ ತೆಗೆಯುತ್ತಿದ್ದವರು ಸಲಿಕೆ ಊರಿ ನಿಂತು, “ನಿಮ್ಮೂರಿನ ತಂಡ ಸೋತರೆ ಮರುದಿನ ಬೆಳಗ್ಗೆ ಅದನ್ನು ಬೈಯುವವರು ಯಾರು?” ಎಂದು ಕೇಳಿದರು. ಪತ್ರಿಕೆಗಳಲ್ಲಿ ಬರೆಯುತ್ತಾರೆ ಎಂದೆ. “ನಾನು ಕೇಳಿದ್ದು ಬರೆಯುವವರನ್ನಲ್ಲ” ಎಂದರು.

ಅವರ ಮನಸ್ಸಿನಲ್ಲಿದ್ದವರು ಆಂಜೆಲೊ ಕಟಾಲ್ಡಿ. ಪತ್ರಿಕೆಯ ಕ್ರೀಡಾ ವರದಿಗಾರರಾಗಿದ್ದ ಕಟಾಲ್ಡಿ ಇಲ್ಲಿನ ಡಬ್ಲ್ಯುಐಪಿ ಬಾನುಲಿಗೆ ಬಂದು, 33 ವರ್ಷ ಕೇಳುಗರ ಕರೆಗಳೊಂದಿಗೆ ಕ್ರೀಡೆಯ ಬಗ್ಗೆ ಮಾತನಾಡುವ ಬೆಳಗಿನ ಕಾರ್ಯಕ್ರಮ ನಡೆಸಿ, 2023ರ ಫೆಬ್ರವರಿಯಲ್ಲಿ ನಿವೃತ್ತರಾದರು. ನ್ಯೂಯಾರ್ಕಿನಲ್ಲಿ 1987ರಲ್ಲಿ ಡಬ್ಲ್ಯುಎಫ್‌ಎಎನ್ ಇಡೀ ದಿನ ಕ್ರೀಡೆಯನ್ನೇ ಮಾತನಾಡುವ ಕೇಂದ್ರವಾದ ಮೇಲೆ ಈ ವೃತ್ತಿ ಊರೂರಿಗೆ ಹಬ್ಬಿತು. ಇದರ ಜೀವಾಳ ನಿರೂಪಕನಿಗಿಂತ ಹೆಚ್ಚಾಗಿ ಫೋನಿನ ಆ ತುದಿಯಲ್ಲಿರುತ್ತದೆ. ಕರೆ ಮಾಡಿದವನ ಹೆಸರು, ಬಡಾವಣೆ ಮತ್ತು ಹೇಳಲಿರುವ ಮಾತನ್ನು ಸಹಾಯಕನೊಬ್ಬ ಮೊದಲೇ ವಿಚಾರಿಸಿಕೊಂಡು, ಪ್ರಸಾರ ಕೆಲವು ಕ್ಷಣ ತಡವಾಗಿ ಹೋಗುವುದರಿಂದ ಮನೆಯ ರೇಡಿಯೊವನ್ನು ನಿಲ್ಲಿಸಲು ಹೇಳಿ, ಸರದಿಯಲ್ಲಿ ಕಾಯಿಸುತ್ತಾನೆ. ನಮ್ಮ ನೆರೆಯವರು ಹಾಗೆ ಕಾದು, ತಾವು ಹೇಳಬೇಕೆಂದಿದ್ದುದನ್ನು ಅರ್ಧ ಹೇಳುವುದರೊಳಗೆ ಕಟಾಲ್ಡಿಯಿಂದ ಬೈಸಿಕೊಂಡದ್ದನ್ನು ಪ್ರಶಸ್ತಿ ಪಡೆದವರಂತೆ ವರ್ಣಿಸುತ್ತಾರೆ.

ಈ ವೃತ್ತಿಯಲ್ಲಿ ತಪ್ಪು ಹೇಳುವುದು ದೊಡ್ಡ ಅಪರಾಧವಲ್ಲವೆಂಬುದು ನನಗೆ ಬಹಳ ಕಾಲ ಅರ್ಥವಾಗಿರಲಿಲ್ಲ. 1999ರಲ್ಲಿ ಇಲ್ಲಿನ ಈಗಲ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡ ಹೊಸ ಆಟಗಾರರನ್ನು ಆರಿಸುವ ದಿನ ಕಟಾಲ್ಡಿ ಸುಮಾರು ಮೂವತ್ತು ಅಭಿಮಾನಿಗಳನ್ನು ಆ ಆಯ್ಕೆ ನಡೆಯುವ ನ್ಯೂಯಾರ್ಕಿಗೆ ಕರೆದೊಯ್ದರು. ಅವರಿಗೆ ಬೇಕಾಗಿದ್ದುದು ರಿಕಿ ವಿಲಿಯಮ್ಸ್ ಎಂಬ ಆಟಗಾರ. ತಂಡ ಡಾನೊವನ್ ಮೆಕ್‌ನಾಬ್‌ನ ಹೆಸರು ಕೂಗಿಸಿದಾಗ, ಬದುಕಿನ ಬಹುದೊಡ್ಡ ಗಳಿಗೆಯಲ್ಲಿ ವೇದಿಕೆಯ ಮೇಲೆ ನಿಂತಿದ್ದ ಆ ಹುಡುಗನಿಗೆ ಈ ಗುಂಪು ಧಿಕ್ಕಾರ ಕೂಗಿತು. ಅದೇ ಮೆಕ್‌ನಾಬ್ ಮುಂದೆ ತಂಡವನ್ನು 2005ರ ಫೈನಲ್ ಪಂದ್ಯವಾದ ಸೂಪರ್ ಬೌಲ್‌ವರೆಗೆ ಕೊಂಡೊಯ್ದರು. ಕಟಾಲ್ಡಿ ಮಾತ್ರ ಅದೇ ಕುರ್ಚಿಯಲ್ಲಿ ಇನ್ನೂ ಎರಡು ದಶಕ ಕುಳಿತರು. ಆ ಧಿಕ್ಕಾರ ಕ್ರೂರವಾಗಿತ್ತೆಂದೇ ನಾನು ಈಗಲೂ ನಂಬುತ್ತೇನೆ. ಆದರೆ ಬೆಳಗ್ಗೆ ಎದ್ದು ಪಾಳಿಗೆ ಹೊರಟ ಚಾಲಕನ ಸಿಟ್ಟಿಗೆ ಉತ್ತರ ಕೊಡುವ ಒಬ್ಬ ಮನುಷ್ಯ ಈ ಊರಿನಲ್ಲಿ ಪ್ರತಿದಿನ ಇದ್ದನೆಂಬುದನ್ನೂ ಅಲ್ಲಗಳೆಯಲಾರೆ.

ನಮ್ಮ ಕರ್ನಾಟಕದಲ್ಲಿ ಅಂಥ ಸಿಟ್ಟಿಗೇನೂ ಬರವಿರಲಿಲ್ಲ. ಲೀಗ್ ಕ್ರಿಕೆಟ್ ಆಡಿದ್ದ ನನ್ನ ಸೋದರಮಾವ, 1973-74ರ ರಣಜಿ ಉಪಾಂತ್ಯದಲ್ಲಿ ಕರ್ನಾಟಕದ ಪ್ರಸನ್ನ ಅವರು ಮುಂಬಯಿಯ ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿದ ಚೆಂಡನ್ನು ಊಟದ ನಡುವೆ ಎದ್ದು ನಿಂತು, ಎಂಜಲು ಕೈಯಲ್ಲೇ ತಿರುಗಿಸಿ ತೋರಿಸುತ್ತಿದ್ದರು. ಮುಂಬಯಿಯ ಹದಿನೈದು ವರ್ಷಗಳ ಆಳ್ವಿಕೆ ಕೊನೆಗೊಂಡ ಆ ಪಂದ್ಯದ ಬಗ್ಗೆ ಅವರಿಗೆ ತಕರಾರುಗಳೂ ಇದ್ದವು. ಗೆದ್ದ ಪಂದ್ಯದಲ್ಲೂ ತಪ್ಪು ಹುಡುಕುವ ಅವರ ಮಾತನ್ನು ಅತ್ತೆ ಬಿಟ್ಟರೆ ಕೇಳುವವರಿರಲಿಲ್ಲ, ಅತ್ತೆಯೂ ಕೇಳುತ್ತಿರಲಿಲ್ಲ. 2001ರಲ್ಲಿ ಬೆಂಗಳೂರಿಗೆ ಖಾಸಗಿ ಎಫ್‌ಎಂ ಬಂದಾಗ ಅವರು ಆಸೆಯಿಂದ ರೇಡಿಯೊ ತಿರುಗಿಸಿದರು. ಹಾಡುಗಳು ಬಂದವು, ಜಾಹೀರಾತುಗಳು ಬಂದವು. ಸ್ವಂತ ಸುದ್ದಿ ಪ್ರಸಾರಕ್ಕೆ ಸರ್ಕಾರ ಖಾಸಗಿ ಕೇಂದ್ರಗಳಿಗೆ ಅವಕಾಶ ಕೊಟ್ಟಿಲ್ಲ ಎಂಬುದು ನಿಜ. ಆದರೆ 2011ರ ನೀತಿಯಲ್ಲಿ ಕ್ರೀಡಾ ಮಾಹಿತಿಗೆ ಬಾಗಿಲು ತೆರೆದ ಮೇಲೂ, ಕರ್ನಾಟಕ 2013-14 ಮತ್ತು 2014-15ರಲ್ಲಿ ಸತತವಾಗಿ ರಣಜಿ ಗೆದ್ದ ಮೇಲೂ, ಆ ತಂಡದ ಕುರಿತು ದಿನಕ್ಕೆ ನಾಲ್ಕು ಗಂಟೆ ಜಗಳವಾಡುವುದನ್ನೇ ಕಸುಬಾಗಿಸಿಕೊಂಡ ಒಬ್ಬ ಕನ್ನಡಿಗನನ್ನು ನಾನು ಕೇಳಿಲ್ಲ. ಮಾವನಂಥವರು ಪ್ರತಿ ಕ್ಲಬ್ಬಿನ ಕಟ್ಟೆಯ ಮೇಲೂ ಸಿಗುತ್ತಾರೆ, ಮೂರನೆಯ ಡಿವಿಜನ್‌ನ ಅಂಕಪಟ್ಟಿಯನ್ನು ಬಾಯಿಪಾಠ ಒಪ್ಪಿಸುತ್ತಾರೆ. ಅವರಿಗೆ ಸಂಬಳ ಕೊಟ್ಟು ಧ್ವನಿವರ್ಧಕದ ಮುಂದೆ ಕೂರಿಸುವ ಮನಸ್ಸು ಮಾತ್ರ ಯಾವ ಕೇಂದ್ರಕ್ಕೂ ಬಂದಂತಿಲ್ಲ.