ಮೇಲ್ಭಾಗ ಯಾವ ಕಡೆ?

ಪ್ರದರ್ಶನಕ್ಕೆ ಇನ್ನು ಐದು ವಾರ ಇದೆ. ಹನ್ನೆರಡು ಅಮೂರ್ತ ಚಿತ್ರ ಕೊಡ್ತೀನಿ ಅಂತ ಧೈರ್ಯವಾಗಿ ಒಪ್ಪಿಕೊಂಡಿದ್ದೆ. ಮುಗಿದಿರುವುದು ಏಳು. ಅದರಲ್ಲೂ ಎರಡರ ಬಗ್ಗೆ ನನಗೇ ಅನುಮಾನ.

ಇಷ್ಟು ತಡವಾಗಲು ಕಾರಣ ಒಂದು ಮೂಲೆ. ನಾಲ್ಕಡಿ ಅಗಲ, ಐದಡಿ ಎತ್ತರದ ಕ್ಯಾನ್ವಾಸ್. ಅದರ ಎಡಗಡೆ ಕೆಳಮೂಲೆಯಲ್ಲಿ ಅಂಗೈಯಗಲದ ಜಾಗ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಅನ್ನೋ ಕಂದು ಬಣ್ಣ ಸೇರಿಸಿ ಬೂದು ಮಾಡಿಕೊಂಡಿದ್ದೆ, ಸರಿಯಾಗಿ ಕಲೆಸಿರಲಿಲ್ಲ. ಪ್ಯಾಲೆಟ್ ಚಾಕುವಿನಲ್ಲಿ ಎಳೆದಾಗ ಬೂದಿನ ಒಳಗಿಂದ ಒಂದು ನೀಲಿ ಎಳೆ ಹಾಗೇ ಹರಿದು ಬಂತು. ಚಾಕು ಎತ್ತಿದ ಕಡೆ ಕಂದು ಚೂರೇ ಚೂರು ಇಣುಕಿತ್ತು. ಬೇಕು ಅಂತ ಕೂತರೆ ಬರುವಂಥದ್ದಲ್ಲ ಅದು.

ಅಲ್ಲಿಂದ ಶುರುವಾಯ್ತು ಕಾಟ. ಮೂರು ವಾರ ಆ ಮೂಲೆಗೆ ಬ್ರಷ್ ತಾಗದ ಹಾಗೆ ಕಾದುಕೊಂಡೆ. ಪಕ್ಕದಲ್ಲಿ ಹಳದಿ ಹಾಕಿದರೆ ಕಣ್ಣೆಲ್ಲ ಅದರ ಕಡೆಗೇ ಹೋಗುತ್ತೆ ಅಂತ ಒರೆಸಿದೆ. ಮೇಲೆ ಕಪ್ಪು ಬಂತು, ಭಾರ ಅನ್ನಿಸಿತು, ಅದೂ ಹೋಯ್ತು. ಉಳಿದ ಇಡೀ ಚಿತ್ರ ಮನೆಗೆ ಬಂದ ನೆಂಟರ ಎದುರು ಕೈಕಟ್ಟಿ ನಿಂತ ಹಾಗೆ ಸಪ್ಪೆಯಾಗಿತ್ತು. ಗೊತ್ತಾಗುತ್ತಿತ್ತು, ಆದರೆ ಒಪ್ಪಿಕೊಳ್ಳಲು ಮನಸ್ಸಿಲ್ಲ.

ಕೊನೆಗೆ ನಾಲ್ಕು ದಿನ ಗೋಡೆಗೆ ಮುಖ ಮಾಡಿಸಿ ಇಟ್ಟೆ. ಅಮೂರ್ತ ಚಿತ್ರಕಲೆಗೆ ದಾರಿ ಹಾಕಿದವರಲ್ಲೊಬ್ಬರಾದ ರಷ್ಯಾದ ಚಿತ್ರಕಾರ ಕ್ಯಾಂಡಿನ್ಸ್ಕಿ 1913ರಲ್ಲಿ ಬರೆದ ನೆನಪುಗಳಲ್ಲಿ ಒಂದು ಪ್ರಸಂಗ ಬರುತ್ತೆ. ಮುಸ್ಸಂಜೆಯಲ್ಲಿ ಸ್ಟುಡಿಯೋಗೆ ಬಂದಾಗ ತುಂಬಾ ಚೆಂದದ, ಏನೆಂದು ಗುರುತೇ ಸಿಗದ ಚಿತ್ರವೊಂದು ಕಂಡಿತಂತೆ. ಹತ್ತಿರ ಹೋಗಿ ನೋಡಿದರೆ ಅವರದ್ದೇ ಚಿತ್ರ, ಅಡ್ಡಡ್ಡ ಒರಗಿಸಿಟ್ಟದ್ದು. ನಾನೂ ನನ್ನದನ್ನು ಅಡ್ಡ ತಿರುಗಿಸಿದೆ. ಸೌಂದರ್ಯ ಗೀಂದರ್ಯ ಏನೂ ಹೊಳೆಯಲಿಲ್ಲ. ಆದರೆ ಆ ಮೂಲೆ ಬೇರೆ ಯಾವುದೋ ಚಿತ್ರದಿಂದ ಕತ್ತರಿಸಿ ಅಂಟಿಸಿದ ಹಾಗೆ ಕಂಡಿತು. ಅದು ಸಾಕಾಯ್ತು.

ಕೆರೆದು ತೆಗೆದೆ. ಮೇಲೆ ಒಣಗಿದ ಪದರ ಸುಕ್ಕುಗಟ್ಟುತ್ತಾ ಎದ್ದು ಬಂತು. ಒಳಗೆ ಬಣ್ಣ ಇನ್ನೂ ಮೆತ್ತಗಿತ್ತು, ಚಾಕುವಿಗೆ ಮೆತ್ತಿಕೊಂಡಿತು. ಎಣ್ಣೆಬಣ್ಣ ನೀರಿನ ಹಾಗೆ ಆರಿ ಹೋಗುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತೆ. ದಪ್ಪಗೆ ಬಳಿದರೆ ಒಳಗಿನದಕ್ಕೆ ತಿಂಗಳುಗಳೇ ಬೇಕು. ಚಾಕು ಒರೆಸಿದ ಬಟ್ಟೆಯಲ್ಲಿ ಆ ನೀಲಿ ಇನ್ನೂ ಇದೆ. ಬಟ್ಟೆ ಎಸೆದಿಲ್ಲ, ನಗಬೇಡಿ.

ಉಳಿದ ಚಿತ್ರಗಳಿಗೆ ನೀರಲ್ಲಿ ಕಲೆಸುವ ಅಕ್ರಿಲಿಕ್ ಬಣ್ಣವೇ ಗತಿ. ಬೇಗ ಒಣಗುತ್ತೆ ನಿಜ, ಅದಕ್ಕೂ ಒಂದು ಚಾಳಿ ಇದೆ. ಹಸಿ ಇರುವಾಗ ಅದರ ಅಂಟು ಹಾಲಿನಂತೆ ಬೆಳ್ಳಗಿರುತ್ತೆ. ನೀರು ಆರಿದ ಮೇಲೆ ಅದು ಪಾರದರ್ಶಕವಾಗಿ ಬಣ್ಣ ಒಂದು ಮೆಟ್ಟಿಲು ಗಾಢವಾಗುತ್ತೆ. ಹಾಗಾಗಿ ಬೇಕಾದದ್ದಕ್ಕಿಂತ ತಿಳಿಯಾಗಿ ಕಲೆಸಬೇಕು. ಎಣ್ಣೆಗೆ ಒಗ್ಗಿದ ಕಣ್ಣಿಗೆ ಇದು ದಿನಾ ಮೋಸ ಮಾಡುತ್ತೆ. ನಿನ್ನೆ ಇಟ್ಟ ಬೂದು ಬೆಳಿಗ್ಗೆ ನೋಡಿದರೆ ಒದ್ದೆ ಸಿಮೆಂಟು! ನಮ್ಮ ದೇಶದ ಹೆಸರಾಂತ ಅಮೂರ್ತ ಚಿತ್ರಕಾರ ಗಾಯ್ತೊಂಡೆ ವರ್ಷಕ್ಕೆ ಬಿಡಿಸುತ್ತಿದ್ದದ್ದು ಬೆರಳೆಣಿಕೆಯ ಚಿತ್ರಗಳು. ಈ ವಾರ ಅವರ ನೆನಪು ಜಾಸ್ತಿ ಆಗುತ್ತಿದೆ.

ಆ ದೊಡ್ಡ ಕ್ಯಾನ್ವಾಸ್ ಈಗ ಪರವಾಗಿಲ್ಲ. ಮೂಲೆ ಹೋದ ಮೇಲೆ ಒರೆಸಿದ್ದ ಹಳದಿ ವಾಪಸ್ ಬಂತು, ಈ ಸಲ ಇಡೀ ಅಂಚಿನುದ್ದಕ್ಕೂ. "ಇದು ಏನು?" ಅಂತ ಕೇಳುವವರಿಗೆ ಹೇಳಲು ಏನೂ ಇಲ್ಲ. ಹೋದ ಸಲ ಸುಮ್ನೆ ಒಬ್ಬರಿಗೆ "ಮಳೆ" ಅಂದುಬಿಟ್ಟಿದ್ದೆ. ಅವರು ಹತ್ತು ನಿಮಿಷ ಮಳೆ ಹುಡುಕಿದರು, ಪಾಪ.

ಈಗ ಗ್ಯಾಲರಿಯವರು ಪಟ್ಟಿ ಕೇಳಿದ್ದಾರೆ. ಹೆಸರು, ಮಾಧ್ಯಮ, ಅಳತೆ. ಅಳತೆಯಲ್ಲಿ ಎತ್ತರ ಮೊದಲು ಬರೆಯಬೇಕು, ಅಲ್ವಾ? ಕ್ಯಾನ್ವಾಸ್ ಹಿಂದೆ ತಿರುಗಿಸಿ ನೋಡಿದೆ. "ಮೇಲೆ" ಅಂತ ಮೂರು ಬಾಣದ ಗುರುತು, ಮೂರೂ ಬೇರೆ ಬೇರೆ ದಿಕ್ಕಿಗೆ. ಎರಡಕ್ಕೆ ನಾನೇ ಗೀಟು ಹೊಡೆದಿದ್ದೇನೆ. ಮೂರನೆಯದು ಅಡ್ಡ ತಿರುಗಿಸಿದ ದಿನದ್ದು. ಶುಕ್ರವಾರದೊಳಗೆ ಹೇಳಬೇಕಂತೆ.