ಕಪ್ಪೆಯ ಹೆಸರು ಆಮೇಲೆ, ಎತ್ತರ ಮೊದಲು

ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಮಳೆಗಾಲದಲ್ಲಿ ವಿದ್ಯಾರ್ಥಿಗಳ ಜೊತೆ ರಾತ್ರಿ ತೋಟ, ಹಳ್ಳ, ಶೋಲಾ ಕಾಡು ಸುತ್ತಿ ಕಪ್ಪೆಗಳನ್ನು ದಾಖಲಿಸುವುದೂ ಇದೇ ಕೆಲಸದ ಭಾಗ. ಹೊಸಬರಿಗೆ ನಾನು ಮೊದಲು ಹೇಳುವುದು ಇಷ್ಟೇ: ಕಪ್ಪೆಯ ಹೆಸರು ಆಮೇಲೆ ಬರೆಯಿರಿ, ನಿಂತ ಜಾಗ ಸಮುದ್ರಮಟ್ಟದಿಂದ ಎಷ್ಟು ಎತ್ತರ ಅನ್ನೋದನ್ನು ಮೊದಲು ಬರೆಯಿರಿ.

ಯಾಕೆ ಅಂದರೆ, ಕಪ್ಪೆಗಳು ಇವತ್ತು ಎಲ್ಲಿವೆ ಅನ್ನೋ ದಾಖಲೆಯಿಂದಲೇ ಹಿಂದಿನ ಕಾಲದ ಹವೆಯನ್ನೂ ಲೆಕ್ಕ ಹಾಕುತ್ತಾರೆ. ಉತ್ತರ ಸ್ಪೇನಿನಲ್ಲಿ ಅತಾಪುಯೆರ್ಕಾ ಅಂತ ಒಂದು ಬೆಟ್ಟಸಾಲಿದೆ. ಸುಮಾರು 1,000 ಮೀಟರ್ ಎತ್ತರ, ಸುಣ್ಣಕಲ್ಲಿನ ಗುಹೆಗಳು. ಅಲ್ಲಿನ ಗ್ರಾನ್ ದೊಲಿನಾ ಗುಹೆಯಲ್ಲಿ 8 ಲಕ್ಷ ವರ್ಷಕ್ಕೂ ಹಿಂದಿನ ಮನುಷ್ಯರ ಮೂಳೆ ಸಿಕ್ಕಿವೆ. ಆಗ ಅಲ್ಲಿ ಚಳಿ ಎಷ್ಟಿತ್ತು, ಮಳೆ ಎಷ್ಟಿತ್ತು? ಅದನ್ನು ಹೇಳುವುದು ಅದೇ ಗುಹೆಯ ಮಣ್ಣಿನಲ್ಲಿರುವ ಕಪ್ಪೆ, ಹಲ್ಲಿ, ಹಾವುಗಳ ಪುಟ್ಟ ಮೂಳೆಗಳು. ಮಣ್ಣನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆದು, ಒಣಗಿಸಿ, ಮೈಕ್ರೋಸ್ಕೋಪಿನ ಕೆಳಗೆ ಒಂದೊಂದಾಗಿ ಹೆಕ್ಕಬೇಕು.

ಕಪ್ಪೆಯ ಗುರುತು ಸಿಗುವುದು ಹೆಚ್ಚಾಗಿ ಸೊಂಟದ ಮೂಳೆಯಲ್ಲಿ. ನಮ್ಮ ಲ್ಯಾಬಿನ ಹಳೆಯ ಅಸ್ಥಿಪಂಜರಗಳಲ್ಲೂ ಇದನ್ನು ತೋರಿಸುತ್ತೇನೆ. ಉದ್ದನೆಯ ಕಡ್ಡಿ, ಒಂದು ತುದಿಯಲ್ಲಿ ತೊಡೆಮೂಳೆ ಕೂರುವ ಗುಳಿ. ಕೆರೆಯ ಕಪ್ಪೆಯದಾದರೆ ಕಡ್ಡಿಯ ಮೇಲೆ ತೆಳ್ಳಗಿನ, ಎತ್ತರದ ಏಣು ಇರುತ್ತದೆ. ನೆಲಗಪ್ಪೆಗೆ ಆ ಏಣಿಲ್ಲ, ಗುಳಿಯ ಹತ್ತಿರ ಒಂದು ಗಂಟು ಮಾತ್ರ. ಒಮ್ಮೆ ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದವರು ಮತ್ತೆ ಮರೆಯುವುದಿಲ್ಲ.

ಆಮೇಲೆ ಲೆಕ್ಕ. ಈ ಪ್ರಾಣಿಗಳ ಮೈಬಿಸಿ ಹೊರಗಿನ ಬಿಸಿಯನ್ನೇ ನಂಬಿಕೊಂಡಿದೆ. ಅತಾಪುಯೆರ್ಕಾದಲ್ಲಿ ಸಿಕ್ಕ ಜಾತಿಗಳಲ್ಲಿ ಹೆಚ್ಚಿನವು ಇವತ್ತಿಗೂ ಬದುಕಿವೆ. ಹಾಗಾಗಿ ಪ್ರತಿ ಜಾತಿ ಈಗ ಎಲ್ಲೆಲ್ಲಿದೆ ಅಂತ 10 ಕಿಲೋಮೀಟರ್ ಚೌಕಗಳ ನಕ್ಷೆಯಲ್ಲಿ ನೋಡುತ್ತಾರೆ. ಉದಾಹರಣೆಗೆ ಒಂದು ಜಾತಿ ವರ್ಷದ ಸರಾಸರಿ ಬಿಸಿ 8ರಿಂದ 18 ಡಿಗ್ರಿ ಇರುವ ಕಡೆ ಇದೆ, ಇನ್ನೊಂದು 12ರಿಂದ 24, ಮತ್ತೊಂದು 10ರಿಂದ 15. ಮೂರೂ ಗುಹೆಯ ಮಣ್ಣಿನ ಒಂದೇ ಪದರದಲ್ಲಿ ಸಿಕ್ಕರೆ ಅಲ್ಲಿನ ಸರಾಸರಿ 12ರಿಂದ 15ರ ಒಳಗಿತ್ತು. ಮಳೆಗೂ ಇದೇ ದಾರಿ. ಇಂಥ ಲೆಕ್ಕವನ್ನು 1980ರ ದಶಕದಲ್ಲಿ ಬ್ರಿಟನ್ನಿನಲ್ಲಿ ಜೀರುಂಡೆಗಳ ಮೇಲೆ ನಡೆಸಿದ್ದರು. ಎಲ್ಲ ಕಡೆ ಬದುಕುವ ಜಾತಿಯಿಂದ ಇಲ್ಲಿ ಜಾಸ್ತಿ ಉಪಯೋಗವಿಲ್ಲ. ನಮ್ಮ ಅಂಗಳದ ನೆಲಗಪ್ಪೆ ಹಾಗೆಯೇ, ಬಯಲುಸೀಮೆಯಲ್ಲೂ ಇದೆ, ಬೆಟ್ಟದಲ್ಲೂ ಇದೆ. ಎಲೆಯ ಮೇಲೆ ಮೊಟ್ಟೆಯಿಟ್ಟು, ಗೊದಮೊಟ್ಟೆಯಾಗದೆ ನೇರ ಮರಿಯಾಗುವ ಪೊದೆಗಪ್ಪೆ ಬೇರೆ. ತೇವ ತಪ್ಪಿದರೆ ಅದರ ಮೊಟ್ಟೆ ಉಳಿಯುವುದಿಲ್ಲ.

ತೊಂದರೆ ಶುರುವಾಗುವುದು ಬೆಟ್ಟದಲ್ಲಿ. ಚಿಕ್ಕಮಗಳೂರು ಪೇಟೆ ಸುಮಾರು 1,090 ಮೀಟರ್, ಮುಳ್ಳಯ್ಯನಗಿರಿ 1,930. ನಕ್ಷೆಯಲ್ಲಿ ಎರಡೂ ಒಂದೇ 10 ಕಿಲೋಮೀಟರ್ ಚೌಕದೊಳಗೆ ಕೂರಬಹುದು. ಆದರೆ ಸಾವಿರ ಮೀಟರ್ ಮೇಲೇರಿದರೆ ಬಿಸಿ ಸುಮಾರು 6 ಡಿಗ್ರಿ ಇಳಿಯುತ್ತದೆ, ಅಂದರೆ ಆ ಒಂದು ಚೌಕದಲ್ಲೇ 5 ಡಿಗ್ರಿ ವ್ಯತ್ಯಾಸ! ಕೊಟ್ಟಿಗೆಹಾರದಲ್ಲಿ ಸ್ವೆಟರ್ ಹಾಕಿಕೊಂಡವರು ಚಾರ್ಮಾಡಿ ಇಳಿಯುವಷ್ಟರಲ್ಲಿ ಬೆವರುತ್ತಾರಲ್ಲ, ಅದೇ. ಸುಮ್ನೆ ಊರಿನ ಹೆಸರು ಬರೆದ ದಾಖಲೆಯಿಂದ ಕಪ್ಪೆ ಯಾವ ಹವೆಯಲ್ಲಿತ್ತು ಅಂತ ಹೇಳಲಾಗದು. ಗುಹೆಯ ಮೂಳೆಗಳಲ್ಲಿ ಬಹಳಷ್ಟು ಗೂಬೆ ತಿಂದು ಕಕ್ಕಿದ್ದು ಬೇರೆ. ಅದು ಕೆಳಗಿನ ಇಳಿಜಾರಿನಿಂದ ಹಿಡಿದು ತಂದಿದ್ದರೆ? ಇಂದಿನ ದಾಖಲೆ ಗಟ್ಟಿಯಾಗಿದ್ದರೆ ಮಾತ್ರ ಆ ಅನುಮಾನವನ್ನು ಪರೀಕ್ಷೆ ಮಾಡಲಾಗುತ್ತದೆ.

ಮಲೆನಾಡಿನ ಹುಳಿ ಮಣ್ಣಿನಲ್ಲಿ ಮೂಳೆ ಕರಗಿಹೋಗುತ್ತದೆ, ಸುಣ್ಣಕಲ್ಲಿನ ಗುಹೆಯಲ್ಲಾದರೆ ಉಳಿಯುತ್ತದೆ. ಅದಕ್ಕೇ ಮೂಳೆ ಸಿಗಲಿಲ್ಲ ಅಂದ ಮಾತ್ರಕ್ಕೆ ಪ್ರಾಣಿಯೇ ಇರಲಿಲ್ಲ ಅನ್ನಬಾರದು. ನಮ್ಮ ರಾತ್ರಿ ಸುತ್ತಾಟಕ್ಕೂ ಇದೇ ನಿಯಮ. ಕಪ್ಪೆ ಕಾಣದಿದ್ದರೆ ಎಷ್ಟು ಹೊತ್ತು ಹುಡುಕಿದೆವು, ಮಳೆ ಬಿತ್ತೋ ಇಲ್ಲವೋ ಅಂತ ಬರೆಯುತ್ತೇವೆ, ‘ಇಲ್ಲ’ ಅಂತ ಬರೆಯುವುದಿಲ್ಲ.

ಮಳೆ ಅಂದಾಗ ನೆನಪಾಯಿತು. ಒಂದು ಎಸ್ಟೇಟಿನ ರೈಟರು (ಲೆಕ್ಕ ಬರೆಯುವವರು) ನಮ್ಮ ಪುಸ್ತಕ ನೋಡಿ, “ಸಾರ್, ಕಪ್ಪೆಗೂ ಇಂಚಿನ ಲೆಕ್ಕ ಬೇಕಾ?” ಅಂದರು. ಬೇಕೇ ಬೇಕು ಅಂದೆ. ಒಳಗೆ ಹೋಗಿ ತೋಟದ ಹಳೆಯ ಮಳೆ ಪುಸ್ತಕಗಳನ್ನು ತಂದು ಮೇಜಿನ ಮೇಲಿಟ್ಟರು. ದಿನಕ್ಕೊಂದು ಸಾಲು, ಇಂಚು, ಸೆಂಟು (ಇಂಚಿನ ನೂರರಲ್ಲೊಂದು ಭಾಗ). ನಮ್ಮ ಭಾಗದ ಎಷ್ಟೋ ತೋಟಗಳಲ್ಲಿ ಇಂಥವು ಇವೆ. ನಿಮ್ಮ ಮನೆಯಲ್ಲೂ ಇದ್ದರೆ ಗೆದ್ದಲು ಹಿಡಿಯುವ ಮೊದಲು ಪ್ರತಿ ಹಾಳೆಯ ಫೋಟೋ ತೆಗೆದಿಡಿ. ಮಳೆಮಾಪಕದ ಜಾಗ ಬದಲಾಗಿದ್ದರೆ ಯಾವ ವರ್ಷ, ಎಲ್ಲಿಂದ ಎಲ್ಲಿಗೆ ಅಂತ ಹಿರಿಯರನ್ನು ಕೇಳಿ ಬರೆದಿಡಿ.