ಹಿಡಿದು ಬಿಟ್ಟ ಮೀನು ಮತ್ತೆ ಕಚ್ಚುತ್ತದಾ? ಆರನೇ ವಾರದ ಲೆಕ್ಕ

ಆರು ವಾರದಿಂದ ಒಂದೇ ಕೆರೆ, ಒಂದೇ ಮೂಲೆ, ಎರೆಯೂ ಹೆಚ್ಚುಕಡಿಮೆ ಒಂದೇ: ನೆನೆಸಿದ ಮೆಕ್ಕೆಜೋಳ. ಮೊದಲ ವಾರ ಒಂದೇ ಬೆಳಗ್ಗೆ ಏಳು ಗೆಂಡೆ ಸಿಕ್ಕಿದ್ದವು. ಈ ವಾರ ಮೂರು ಬೆಳಗ್ಗೆ ಸೇರಿ ಒಂದು! ಮೀನು ಎಲ್ಲೂ ಹೋಗಿಲ್ಲ, ಹಿಡಿದದ್ದನ್ನೆಲ್ಲ ನಾನೇ ವಾಪಸ್ ಬಿಟ್ಟಿದ್ದೇನಲ್ಲ. ಗುಳ್ಳೆ ಏಳುತ್ತದೆ, ಬೆನ್ನು ಕಾಣುತ್ತದೆ. ಬೆಂಡು ಮಾತ್ರ ಒಂದೆರಡು ಸಲ ಅಲುಗಾಡಿ ಸುಮ್ಮನಾಗುತ್ತದೆ.

ಮೂರನೇ ವಾರ ಇದನ್ನು ಗಾಳಿ, ಬಿಸಿಲಿನ ಮೇಲೆ ಹಾಕಿದ್ದೆ. ಆಮೇಲೆ ನೆದರ್ಲೆಂಡ್ಸ್‌ನ ಮೀನು ಸಂಶೋಧಕ ಬ್ಯೂಕೆಮಾ 1970ರಲ್ಲಿ ಪ್ರಕಟಿಸಿದ ಪ್ರಯೋಗಗಳ ಬಗ್ಗೆ ಓದಿದೆ. ಒಂದೇ ಸಲ ಗಾಳಕ್ಕೆ ಸಿಕ್ಕಿದ ಗೆಂಡೆಗೂ ಆಮೇಲೆ ಗಾಳ ಕಂಡರೆ ಭಯ. ಬೇರೆ ಮೀನು ಬೇಟೆಯಾಡುವ ಪೈಕ್ ಮೀನಿನ ಕಥೆ ಇನ್ನೂ ಮಜಾ: ಸ್ಪಿನ್ನರ್‌ಗೆ (ನೀರಲ್ಲಿ ತಿರುಗುವ ಲೋಹದ ನಕಲಿ ಎರೆ) ಸಿಕ್ಕಿದ ಮೇಲೆ ಅದರ ಹತ್ತಿರ ಬರುವುದು ಕಡಿಮೆಯಾಯಿತು, ಜೀವಂತ ಎರೆಗೆ ಮಾತ್ರ ಮೊದಲಿನಂತೆಯೇ ಬಾಯಿ ಹಾಕುತ್ತಿತ್ತು.

ಹಾಗಾಗಿ ನಾಲ್ಕನೇ ವಾರ ಜೋಳ ಬಿಟ್ಟು ಎರೆಹುಳು ಹಾಕಿದೆ. ಎರಡು ಬೆಳಗ್ಗೆಗೆ ನಾಲ್ಕು ಮೀನು. ಅದರಲ್ಲಿ ಒಂದು ಮೊದಲ ವಾರದ ಹರಿದ ಬಾಲದವನು! ಜೋಳಕ್ಕೆ ಹೆದರಿದವನು ಹುಳುವಿಗೆ ಮೋಸ ಹೋದ ಅಂತ ಖುಷಿಯಿಂದ ಬರೆದುಕೊಂಡೆ. ಆದರೆ ಮರುದಿನ ದಡದ ಹತ್ತಿರ ಸುಮ್ನೆ ಒಂದು ಹಿಡಿ ಜೋಳ ಚೆಲ್ಲಿದರೆ ಮೀನುಗಳು ಬಂದು ಒಂದೂ ಬಿಡದೆ ತಿಂದವು. ಅಂದರೆ ಭಯ ಜೋಳಕ್ಕಲ್ಲ, ದಾರ ಕಟ್ಟಿದ ಜೋಳಕ್ಕೆ. ಹಾಗಿದ್ದರೆ ಹುಳುವಿಗೂ ಅದೇ ದಾರ ಇತ್ತಲ್ಲ? ಇದು ನನಗಿನ್ನೂ ಬಿಡಿಸಲಾಗದ ಗಂಟು.

ಇನ್ನೊಂದು ಅನುಮಾನ ನನ್ನ ಕೈಯ ಮೇಲೇ ಇದೆ. ಮೊದಲ ವಾರ ಫೋಟೋ ಹುಚ್ಚಿನಲ್ಲಿ ಮೀನುಗಳನ್ನು ಜಾಸ್ತಿ ಹೊತ್ತು ನೀರಿನ ಹೊರಗೆ ಹಿಡಿದಿದ್ದೆ. 1992ರಲ್ಲಿ ಪ್ರಕಟವಾದ ರೇನ್‌ಬೋ ಟ್ರೌಟ್ ಎಂಬ ತಣ್ಣೀರಿನ ಮೀನಿನ ಪ್ರಯೋಗ ಓದಿದ ಮೇಲೆ ನಾಚಿಕೆಯಾಯಿತು. ದಣಿಯುವವರೆಗೆ ಓಡಿಸಿದ ಮೀನುಗಳಲ್ಲಿ 12 ಗಂಟೆಯ ನಂತರ ಶೇ. 88 ಬದುಕಿದ್ದವು. ಓಡಿಸಿದ ಮೇಲೆ 60 ಸೆಕೆಂಡ್ ಗಾಳಿಯಲ್ಲಿಟ್ಟವುಗಳಲ್ಲಿ ಉಳಿದದ್ದು ಶೇ. 28! ಗೆಂಡೆ ಟ್ರೌಟ್‌ಗಿಂತ ಗಟ್ಟಿ ಜೀವ, ಆದರೂ ಅಷ್ಟು ಸುಸ್ತಾದ ಮೀನು ಒಂದಷ್ಟು ಹೊತ್ತು ಮೇವೇ ಮುಟ್ಟದಿರಬಹುದು. ನಾನು 'ಕಲಿತುಕೊಂಡಿದೆ' ಅಂತ ಬರೆದಿಟ್ಟದ್ದು ಬರೀ ಸುಸ್ತೂ ಆಗಿರಬಹುದು ಅಲ್ವಾ? ಐದನೇ ವಾರದಿಂದ ಮುಳ್ಳಿಲ್ಲದ ಕೊಕ್ಕೆ, ಒದ್ದೆ ಕೈ, ಕೊಕ್ಕೆ ಬಿಡಿಸುವುದು ನೀರೊಳಗಿನ ಬಲೆಯಲ್ಲೇ. ಫೋಟೋ ಬಂದ್.

ಮೊದಲ ದಿನ ಸಿಕ್ಕ ಏಳೂ ಬಹುಶಃ ಆ ಮೂಲೆಯ ಧೈರ್ಯವಂತರು. ಅಮೆರಿಕದ ಇಲಿನಾಯ್ ರಾಜ್ಯದ ರಿಡ್ಜ್ ಲೇಕ್ ಕೆರೆಯ ಲಾರ್ಜ್‌ಮೌತ್ ಬಾಸ್ ಮೀನುಗಳನ್ನು ತಲೆಮಾರುಗಟ್ಟಲೆ ಆರಿಸಿ ಬೆಳೆಸಿ, ಗಾಳಕ್ಕೆ ಬೇಗ ಬೀಳುವ ಗುಣ ಸ್ವಲ್ಪಮಟ್ಟಿಗೆ ಹುಟ್ಟಿನಿಂದಲೇ ಬರುತ್ತದೆ ಎಂದು ತೋರಿಸಿದ್ದಾರೆ. ಅಂಜುಬುರುಕರು ನನ್ನ ಲೆಕ್ಕಕ್ಕೆ ಬಂದೇ ಇಲ್ಲವೇನೋ.

ಮುಂದಿನ ಮೂರು ವಾರ ಆ ಮೂಲೆಗೆ ಗಾಳ ಇಳಿಸುವುದಿಲ್ಲ. ಜೋಳ ಮಾತ್ರ ಚೆಲ್ಲುತ್ತೇನೆ, ಯಾರು ಬರುತ್ತಾರೆ ನೋಡುತ್ತೇನೆ. ಹರಿದ ಬಾಲದವನು ನಿನ್ನೆ ಬಂದಿದ್ದ. ದಾರದಿಂದ ಎರಡು ಮೊಳ ದೂರ ಚೆಲ್ಲಿದ್ದನ್ನಷ್ಟೇ ತಿಂದು ಹೋದ.